ಬೆನ್ನಿಗೆ ಗುಂಡಿಯಿರುವ ಕೋಟು

ಮಾರ್ಚ್ ೪

ಪ್ರೀತಿಯ ಪೀಪಿ,

ಪೇಪರಿನಲ್ಲಿ ನಿಮ್ಮ ಬ್ಯಾಂಡಿನ ಫೋಟೊ ಬಂದಿದೆ. ನಿನ್ನ ಭಾವ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ನೋಡು, ನಿನ್ನ ತಂಗಿ ಈಗ ಹಾಲಿಗೂ ಕಾವಲು" ಅಂದರು. ಹಾಲು ತೆಗೆಯಲು ಹೋದಾಗಲೆಲ್ಲ ನೋಡುತ್ತೇನೆ. ನೋಡಿದಷ್ಟೂ ಅದು ನನಗೆ ಸರಿಬರುತ್ತಿಲ್ಲ.

ನೀನು ಚೆನ್ನಾಗಿಯೇ ಕಾಣುತ್ತೀ. ಕೆಂಪು ಕೋಟು, ಗದ್ದ ಎತ್ತಿ ಹಿಡಿದ ಕಾಲರು, ಟ್ರಂಪೆಟ್ ಊದುತ್ತಾ ಉಬ್ಬಿದ ಕೆನ್ನೆ. ಚಿಕ್ಕಂದಿನಲ್ಲಿ ಜಾತ್ರೆಯ ಪೀಪಿಗೆ ಅತ್ತವಳು ಇವಳೇನಾ ಅನ್ನಿಸುತ್ತದೆ. ನಿನ್ನ ಪಕ್ಕದಲ್ಲಿ ಗುಬ್ಬಿಯ ಜಾಗದಲ್ಲಿ ನಿಂತಿರುವ ಹುಡುಗಿ ಯಾರು? ಅವಳ ಮಣಿಕಟ್ಟು ತೋಳಿನಿಂದ ಗೇಣುದ್ದ ಆಚೆ ಬಂದಿದೆ. ಒಬ್ಬೊಬ್ಬರ ಅಳತೆ ತೆಗೆದು ಹೊಲಿಸಿದ ಕೋಟು ಅಂತ ನೀನೇ ಕೊಚ್ಚಿಕೊಂಡಿದ್ದೆಯಲ್ಲ!

ಮೊನ್ನೆ ಹಾಸ್ಟೆಲ್ಲಿನಿಂದ ಫೋನು ಮಾಡಿದಾಗ, "ಗುಬ್ಬಿಗೆ ಹುಷಾರಿಲ್ಲ, ಆಸ್ಪತ್ರೆ ಸೇರಿದ್ದಾಳೆ, ಪರೇಡಿಗೆ ಬಂದಿರಲಿಲ್ಲ" ಅಂದು ಇಟ್ಟುಬಿಟ್ಟೆ. ಆ ಫೋನು ವಾರ್ಡನ್ನರ ಮೇಜಿನ ಮೇಲಿದೆ, ಅಲ್ಲಿ ಉಸಿರಾಡಿದರೂ ಅವರಿಗೆ ಕೇಳುತ್ತದೆ, ಗೊತ್ತು. ನಾನೂ ಅದೇ ಹಾಸ್ಟೆಲ್ಲಿನಲ್ಲಿದ್ದವಳು, ಅದೇ ಬ್ಯಾಂಡಿನಲ್ಲಿ ಸೈಡ್ ಡ್ರಮ್ಮು ಬಾರಿಸಿದವಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗುಬ್ಬಿಗೆ ಏನಾಗಿದೆ? ನಿನ್ನ ರೂಮಿನವಳು, ನಿನ್ನ ತಟ್ಟೆಯಿಂದ ಕಿತ್ತುಕೊಂಡು ತಿನ್ನುವವಳು. "ಹುಷಾರಿಲ್ಲ" ಅನ್ನುವ ಒಂದು ಮಾತಿನಲ್ಲಿ ಅವಳನ್ನು ಮುಗಿಸಿಬಿಟ್ಟೆಯಾ?

ಮಗುವಿಗೆ ಹಲ್ಲು ಬರುತ್ತಿದೆ. ಅವಳು ಅತ್ತರೆ ಯಾಕೆ ಅಳುತ್ತಾಳೆ ಅಂತ ಎದ್ದು ನೋಡುತ್ತೇನೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಅಂತ ಎದ್ದು ನೋಡುತ್ತೇನೆ. ನಿನ್ನ ಭಾವನ ಪ್ರಕಾರ ನನಗೆ ಹಗ್ಗ ಕಂಡರೂ ಹಾವು. ಇರಲಿ. ಒಂದೊಂದು ಸಲ ಅದು ಹಾವೇ ಆಗಿರುತ್ತದೆ.

ಉತ್ತರ ಬರೆ. ಉದ್ದಕ್ಕೆ.

ನಿನ್ನ ಅಕ್ಕ

*

ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿ ಸಂತೋಷವಾಯಿತು. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಪರೇಡ್ ಅತ್ಯಂತ ಯಶಸ್ವಿಯಾಯಿತು. ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಸ ಸಮವಸ್ತ್ರವನ್ನು ಎಲ್ಲರೂ ಹೊಗಳಿದರು. ಪೆಟ್ಟಿಗೆಗಳನ್ನು ಪರೇಡಿನ ದಿನ ಬೆಳಿಗ್ಗೆಯೇ ಒಡೆದದ್ದು, ಹೊಸ ಬಟ್ಟೆಯ ವಾಸನೆ ಇನ್ನೂ ಹಾಗೇ ಇತ್ತು. ಉಣ್ಣೆ ಸ್ವಲ್ಪ ದಪ್ಪ, ಆದರೆ ಎಷ್ಟು ನಡೆದರೂ ಮಡಿಕೆ ಬೀಳುವುದಿಲ್ಲ. ಎದೆಯ ಕಡೆ ಸುಕ್ಕೇ ಕಾಣಬಾರದೆಂದು ಗುಂಡಿಗಳೆಲ್ಲ ಬೆನ್ನಿಗೇ, ನಿಮ್ಮ ಕಾಲದ ಹಾಗೇ. ಶಿಸ್ತಿನಲ್ಲಿ ನಮ್ಮ ಕಾಲೇಜನ್ನು ಮೀರಿಸುವವರಿಲ್ಲ ಎಂದು ಪ್ರಚಾರ ವಿಭಾಗದ ಮೇಡಂ ಹೇಳಿದರು.

ಗುಬ್ಬಿಗೆ ಆ ಬೆಳಿಗ್ಗೆ ಮೈ ಸರಿಯಿರಲಿಲ್ಲ. ರೂಮಿನಲ್ಲೇ ಮಲಗಿದ್ದಳು. ಸಂಜೆ ಜ್ಞಾನ ತಪ್ಪಿರುವುದನ್ನು ವಾರ್ಡನ್ ನೋಡಿ ಆಸ್ಪತ್ರೆಗೆ ಸೇರಿಸಿದರು. ಈಗ ಅವಳ ಮನೆಯವರು ಕರೆದುಕೊಂಡು ಹೋಗಿದ್ದಾರೆ. ಏನೋ ನುಂಗಿದ್ದಳು ಎಂದು ಹುಡುಗಿಯರು ಮಾತಾಡಿಕೊಳ್ಳುತ್ತಾರೆ, ನನಗೆ ಗೊತ್ತಿಲ್ಲ. ಫೋಟೊದಲ್ಲಿರುವುದು ಬದಲಿ ಹುಡುಗಿ. ಗುಬ್ಬಿಯ ಕೋಟನ್ನು ಅವಳಿಗೆ ಕೊಟ್ಟಿದ್ದರು, ಅದಕ್ಕೇ ತೋಳು ಗಿಡ್ಡ.

ಒಂದು ಒಳ್ಳೆಯ ಸುದ್ದಿ. ಬರುವ ವರ್ಷಕ್ಕೆ ಮುಂದಿನ ಸಾಲಿನ ನಾಯಕಿಯಾಗಿ ನನ್ನನ್ನು ಆರಿಸಿದ್ದಾರೆ.

ಭಾವನಿಗೆ ನಮಸ್ಕಾರ. ಪಾಪುವಿಗೆ ಮುತ್ತು.

ಇತಿ ನಿನ್ನ ತಂಗಿ

*

ಮಾರ್ಚ್ ೨೬

ತಾಯಿ,

ನನ್ನ ಗುರುತು ನಿಮಗಿಲ್ಲ. ನಿಮ್ಮ ತಂಗಿಯ ರೂಮಿನಲ್ಲಿದ್ದ ಹುಡುಗಿಯ ಅಮ್ಮ ನಾನು. ಅಲ್ಲಿ ಎಲ್ಲರೂ ಗುಬ್ಬಿ ಅಂತ ಕರೀತಾರಂತೆ. ಮಗಳ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು. ಹಿಂದೆ ನೀವು ಅವಳಿಗೆ ಸ್ವೆಟರ್ ಕಳಿಸಿದ್ದಿರಲ್ಲ, ಆ ಕಟ್ಟಿನ ಮೇಲಿತ್ತು.

ಮಗಳು ಎದ್ದು ಓಡಾಡ್ತಾಳೆ. ಕೈ ನಡುಗುತ್ತೆ, ಬೇಗ ಸುಸ್ತಾಗುತ್ತಾಳೆ. ಏನಾಯ್ತೆ ಅಂತ ಕೇಳಿದರೆ, ಹಿಂದಿನ ದಿನ ಬೂಟು ಪಾಲಿಶ್ ಮಾಡಿದ್ದು ಜ್ಞಾಪಕ ಇದೆ, ಆಮೇಲೆ ಆಸ್ಪತ್ರೆ, ನಡುವೆ ಏನೂ ಇಲ್ಲ ಅಂತಾಳೆ. ಅವರಪ್ಪ ಅದನ್ನು ನಂಬುವುದಿಲ್ಲ. ನಾಟಕ ಅಂತಾರೆ. ಮಗಳನ್ನು ಮಾತಾಡಿಸುವುದನ್ನೇ ಬಿಟ್ಟಿದ್ದಾರೆ.

ಬೆಳಿಗ್ಗೆಯಿಂದ ಜ್ವರ ಅಂತ ಮಲಗಿದ್ದಳು, ಪರೇಡಿಗೆ ಬರಲೇ ಇಲ್ಲ ಅಂತ ಕಾಲೇಜಿನವರು ಡಾಕ್ಟರಿಗೆ ಹೇಳಿದರು. ನಮ್ಮನ್ನು ಪಕ್ಕಕ್ಕೆ ಕರೆದು, ವಯಸ್ಸಿನ ಹುಡುಗಿ, ನೀವೇ ವಿಚಾರಿಸಿ, ನಾವು ಹೊರಗೆ ಬಾಯಿ ಬಿಡಲ್ಲ ಅಂದರು. ಹೊಟ್ಟೆಯಲ್ಲಿ ವಿಷ ಗಿಷ ಏನೂ ಸಿಗಲಿಲ್ಲ ಅಂತ ಡಾಕ್ಟರು ಅಂದರು. ಆದರೆ ತಾಯಿ, ಅವಳ ಕುತ್ತಿಗೆಯ ಸುತ್ತ ಕೆಂಪು ಗೆರೆ ಇತ್ತು. ಗದ್ದದ ಕೆಳಗೆ ಚರ್ಮ ಸುಲಿದಿತ್ತು. ಅದನ್ನು ನೋಡಿ ಅವರಪ್ಪ ಅಲ್ಲೇ ಕುಸಿದು ಕೂತರು. ಡಾಕ್ಟರು ಏನೋ ಕೇಳೋಕೆ ಬಂದರೆ ಕೈ ಮುಗಿದು ಕಳಿಸಿಬಿಟ್ಟರು.

ನಾನು ಅವಳನ್ನು ಒಂದು ಗಳಿಗೆ ಒಂಟಿಯಾಗಿ ಬಿಡ್ತಿಲ್ಲ. ಸೀರೆ, ಹಗ್ಗ, ದುಪಟ್ಟಾ ಎಲ್ಲ ಎತ್ತಿಟ್ಟಿದ್ದೇನೆ. ನಿಮ್ಮ ತಂಗಿಗೆ ಏನಾದರೂ ಗೊತ್ತಿದ್ದರೆ ಹೇಳಲಿಕ್ಕೆ ಹೇಳಿ. ಹುಡುಗ ಯಾರು, ಬೈದವರು ಯಾರು, ಏನಾದರೂ ಸರಿ. ನಿಮಗೂ ಹೆಣ್ಣುಮಗು ಅಂತ ಕೇಳಿದೆ.

ಗುಬ್ಬಿಯ ಅಮ್ಮ

*

ಏಪ್ರಿಲ್ ೧

ಪೀಪಿ,

ಗುಬ್ಬಿಯ ಅಮ್ಮನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ?

ಈಗ ಕನ್ನಡಿಯ ಮುಂದೆ ಹೋಗಿ ನಿನ್ನ ಕುತ್ತಿಗೆ ನೋಡಿಕೋ. ಆ ಗೆರೆ ನನಗೂ ಇತ್ತು. ಬ್ಯಾಂಡಿನ ದಿನಗಳಲ್ಲಿ ಊರಿಗೆ ಬಂದಾಗಲೆಲ್ಲ ಅಮ್ಮ "ಎತ್ತಿನ ಹೆಗಲು ನೋಡು" ಅಂತ ಬೈಯುತ್ತಾ ಎಣ್ಣೆ ಸವರುತ್ತಿದ್ದಳು. ಕಾಲರಿನೊಳಗಿನ ಪಟ್ಟಿ ಗದ್ದದ ಕೆಳಗೆ ಉಜ್ಜುತ್ತದೆ. ನಡೆದಷ್ಟೂ ಚರ್ಮ ಸುಲಿಯುತ್ತದೆ. ನಮ್ಮದು ಹತ್ತಿ ಬಟ್ಟೆ, ನಿಮ್ಮದು ಉಣ್ಣೆ. ಅದು ನೇಣಿನ ಗೆರೆಯಲ್ಲ, ಪೀಪಿ. ಕೋಟಿನ ಗೆರೆ. ಅದು ಗೊತ್ತಾಗದೆ ಒಬ್ಬ ಅಪ್ಪ ಮಗಳ ಮುಖ ನೋಡುವುದನ್ನು ಬಿಟ್ಟಿದ್ದಾನೆ.

ಅಂದರೆ ಗುಬ್ಬಿ ಅವತ್ತು ಕೋಟು ಹಾಕಿದ್ದಳು. ನಡೆದಿದ್ದಳು. ಸುಮ್ಮನೆ ಹಾಕಿ ಬಿಚ್ಚಿದರೆ ಚರ್ಮ ಸುಲಿಯುವುದಿಲ್ಲ.

ಮುಂದಿನದನ್ನು ಬರೆಯಬಾರದು ಅಂತ ಎರಡು ಸಲ ಪೆನ್ನು ಕೆಳಗಿಟ್ಟೆ. ಬೆನ್ನಿಗೆ ಗುಂಡಿಯಿರುವ ಕೋಟನ್ನು ಯಾರೂ ತಾವಾಗಿ ಬಿಚ್ಚಿಕೊಳ್ಳಲಾರರು. ಬ್ಯಾಂಡಿಗೆ ಸೇರಿದ ದಿನ ಪ್ರತಿಯೊಬ್ಬರಿಗೂ ಒಬ್ಬ ಜೋಡಿಯನ್ನು ಕೊಡುತ್ತಾರೆ. ನನ್ನ ಗುಂಡಿ ಅವಳು ಹಾಕಬೇಕು, ಅವಳದ್ದು ನಾನು. ಕಾಲೇಜು ಬಿಡುವವರೆಗೂ ಬೇರೆಯವರ ಕೈ ಅದಕ್ಕೆ ತಾಗಬಾರದು. ನನ್ನ ಜೋಡಿಗೆ ಜ್ವರ ಬಂದಿದ್ದಾಗ, ಅವಳು ಬಂದು ಬಿಚ್ಚುವವರೆಗೂ ಕೋಟಿನಲ್ಲೇ ಊಟ ಮಾಡಿದ್ದೆ. ಅಷ್ಟು ಹುಚ್ಚು ನಮಗೆ.

ಗುಬ್ಬಿಯ ಜೋಡಿ ನೀನು.

ನಿನ್ನ ಹೋದ ಪತ್ರದಲ್ಲಿ ಒಂದು ಬೈಗುಳವೂ ಇರಲಿಲ್ಲ. "ಅತ್ಯಂತ ಯಶಸ್ವಿಯಾಯಿತು" ಅಂತ ಯಾವ ತಂಗಿ ಅಕ್ಕನಿಗೆ ಬರೆಯುತ್ತಾಳೆ? ಯಾರಾದರೂ ಹೆಗಲ ಮೇಲಿಂದ ನೋಡುತ್ತಿದ್ದರಾ, ಅಥವಾ ಹೀಗೇ ಹೇಳಬೇಕು ಅಂತ ಕಲಿಸಿದ್ದಾರಾ? ಮುಂದಿನ ಸಾಲಿನ ನಾಯಕಿ ಪಟ್ಟ ಯಾವುದಕ್ಕೆ ಸಿಕ್ಕಿತು?

ಅಕ್ಕ

*

ಏಪ್ರಿಲ್ ೭

ಅಕ್ಕಾ,

ನೀನು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು. ಮಗು ಹೆತ್ತು ಮನೆಯಲ್ಲಿ ಕೂತು ನಿನಗೆ ಮಾಡಲು ಕೆಲಸವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ, ಅದಕ್ಕೇ ಫೋಟೊದಲ್ಲಿರುವವರ ಮಣಿಕಟ್ಟು ಅಳೆಯುತ್ತೀ. ಭಾವ ಹೇಳುವುದರಲ್ಲಿ ತಪ್ಪೇನಿದೆ? ಆ ಗೆರೆ ಪ್ರಾಕ್ಟೀಸಿನಲ್ಲಿ ಆಗಿರಬಹುದು. ಸರ ಉಜ್ಜಿ ಆಗಿರಬಹುದು. ನನಗೇನು ಗೊತ್ತು? ಪಟ್ಟ ನನಗೆ ಸಿಕ್ಕಿದ್ದು ನಾನು ಚೆನ್ನಾಗಿ ಊದುತ್ತೇನೆ ಅಂತ. ಬ್ಯಾಂಡಿನ ಮಾತು ಬ್ಯಾಂಡಿನೊಳಗೆ ಇರಬೇಕು ಅಂತ ನೀನೇ ಅಲ್ಲವಾ ನನಗೆ ಮೊದಲು ಹೇಳಿಕೊಟ್ಟಿದ್ದು?

ಇನ್ನು ಈ ವಿಷಯ ಬರೆಯಬೇಡ. ಪರೀಕ್ಷೆ ಹತ್ತಿರ ಬಂತು.

ತಂಗಿ

*

ಏಪ್ರಿಲ್ ೩೦

ಪೀಪಿ,

ಬರೆಯಬೇಡ ಅಂದೆ, ಇಷ್ಟು ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವಳು ನೀನೇ.

ಪ್ರಾಕ್ಟೀಸಿನಲ್ಲಿ ಆದ ಗೆರೆ ಅಂದೆ. ಪ್ರಾಕ್ಟೀಸು ಟೀ ಶರ್ಟಿನಲ್ಲಿ. ಕೋಟಿನ ಪೆಟ್ಟಿಗೆ ಒಡೆದದ್ದು ಪರೇಡಿನ ಬೆಳಿಗ್ಗೆಯೇ ಅಂತ ನಿನ್ನ ಕೈಯಾರೆ ಬರೆದಿದ್ದೀ.

ನಿನ್ನ ಭಾವನಿಗೆ ಎಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ ಗುಬ್ಬಿಯ ಅಮ್ಮನ ಕಾಗದ ಓದಿದರು. ಓದಿ, "ನೀನೇ ಆಕೆಗೆ ಬರೆದುಬಿಡು" ಅಂದರು. ಬರೆದೆ, ಹರಿದೆ. ನಾನು ಬರೆದರೆ ಅದು ಬರೀ ಒಬ್ಬ ನಿದ್ದೆಗೆಟ್ಟವಳ ಊಹೆ. ಅವರು ನಂಬಬೇಕಾದರೆ ಕಂಡವರು ಹೇಳಬೇಕು.

ಆಕೆಗೆ ಇಷ್ಟು ಮಾತ್ರ ಬರೆದಿದ್ದೇನೆ: "ನನ್ನ ತಂಗಿ ಬಂದು ಹೇಳುತ್ತಾಳೆ." ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಳಗಿನಿಂದ ಮಗಳ ಮುಖ ನೋಡುತ್ತಾ ಕೂತಿದ್ದೇನೆ. ನಾಳೆ ಇವಳೂ ನನ್ನ ಮುಂದೆ ಹೀಗೇ ಅಂದವಾಗಿ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದಾ? ಗೊತ್ತಾದರೂ ಏನು ಮಾಡುತ್ತೇನೆ?

ಅಕ್ಕ

*

ಮೇ ೧೬

ಅಕ್ಕಾ,

ಇದನ್ನು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಸ್ಟೆಲ್ಲಿನಲ್ಲಿ ಬರೆಯಲಾಗಲಿಲ್ಲ. ಗುಬ್ಬಿಯ ಮಂಚಕ್ಕೆ ಹೊಸ ಹುಡುಗಿ ಬಂದಿದ್ದಾಳೆ, ನಾನು ಪೆನ್ನು ಹಿಡಿದರೆ ಸಾಕು ತಲೆ ಎತ್ತುತ್ತಾಳೆ. ಸುಮ್ಮನೆ ನೋಡುತ್ತಾಳೋ, ಯಾರಾದರೂ ನೋಡು ಅಂದಿದ್ದಾರೋ. ನಿನ್ನ ರೋಗ ನನಗೂ ಹತ್ತಿದೆ.

ಅವತ್ತು ಅತಿಥಿ ತಡವಾಗಿ ಬಂದರು. ಅಷ್ಟು ಹೊತ್ತೂ ಬಿಸಿಲಿನಲ್ಲಿ ಎದೆ ಸೆಟೆಸಿ ನಿಂತಿದ್ದೆವು. ನೀರು ಕುಡಿದರೆ ಕೋಟಿನ ಮೇಲೆ ಚೆಲ್ಲುತ್ತೀರಿ ಅಂತ ಪ್ರಚಾರದ ಮೇಡಂ ಬಾಟಲಿ ಕೊಡಲಿಲ್ಲ. ಮೊದಲ ಸುತ್ತು ಶುರುವಾಯಿತು. ಪಕ್ಕದಲ್ಲಿ ಗುಬ್ಬಿ ಕ್ಲಾರಿನೆಟ್ಟಿನಿಂದ ಬಾಯಿ ತೆಗೆದು, "ಪೀಪಿ, ಚಳಿ ಆಗ್ತಿದೆ ಕಣೇ" ಅಂದಳು. ಆ ಬಿಸಿಲಿನಲ್ಲಿ! ಯಾವಾಗಲೂ ತಮಾಷೆ ಮಾಡುವವಳು. ನನಗೆ ನಗು ಬಂತು, ಸ್ವರ ತಪ್ಪೀತು ಅಂತ ತಡೆದುಕೊಂಡೆ. ಬಿಸಿಲು ಹೊಡೆದರೆ ಹಾಗೆ ಚಳಿಯಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ವೇದಿಕೆಯ ಹಿಂದೆ ತಿರುಗುವಾಗ ಬಿದ್ದಳು. ಒಬ್ಬರು ಬಿದ್ದರೆ ಸಾಲು ಮುಚ್ಚಬೇಕು, ನಿನಗೆ ಗೊತ್ತಲ್ಲ. ಎರಡೂ ಕಡೆಯವರು ಒಂದೊಂದು ಹೆಜ್ಜೆ ಒಳಗೆ ಬಂದೆವು. ಅವಳಿದ್ದ ಜಾಗವೇ ಇಲ್ಲ ಅನ್ನುವ ಹಾಗೆ. ನಿಲ್ಲಬೇಕು ಅಂತ ಮನಸ್ಸಿಗೆ ಅನ್ನಿಸಿತು ಅಕ್ಕಾ, ಕಾಲಿಗೆ ಅನ್ನಿಸಲಿಲ್ಲ. ಅದು ತಾಳ ಹಿಡಿದಿತ್ತು.

ಭಾಷಣದ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆಗೆ ನನ್ನನ್ನು ಕರೆದರು. ಗುಬ್ಬಿ ನೆಲದ ಮೇಲಿದ್ದಳು. ಮುಖ ಒಣಗಿತ್ತು, ಕಣ್ಣು ಅರ್ಧ ತೆರೆದಿತ್ತು. ಮೇಡಂ, "ಇವಳ ಜೋಡಿ ಎಲ್ಲಿ? ಬೇಗ ಬಿಚ್ಚಮ್ಮಾ. ಹೊರಗೆ ಕ್ಯಾಮೆರಾದವರಿದ್ದಾರೆ. ಇದನ್ನ ಹಾಕ್ಕೊಂಡಿರೋವಾಗ ಎತ್ಕೊಂಡು ಹೋದರೆ ನಾಳೆ ಪೇಪರಲ್ಲಿ ಬರೋದು ಇದೇ ಫೋಟೊ" ಅಂದರು. ಬಿಚ್ಚಿದರೆ ಗಾಳಿಯಾದರೂ ಆಡಲಿ ಅಂತ ನಾನೂ ಬಿಚ್ಚಿದೆ. ಮನೆಯ ಬಟ್ಟೆ ತೊಡಿಸಿದರು. ಹಿಂದಿನ ಗೇಟಿನಿಂದ ಹಾಸ್ಟೆಲ್ಲಿಗೆ ಸಾಗಿಸಿದರು.

ಆಮೇಲೆ ಮೇಡಂ ಆ ಕೋಟನ್ನು ಬದಲಿ ಹುಡುಗಿಗೆ ಕೊಟ್ಟರು. ಎರಡನೇ ಸುತ್ತಿನಲ್ಲಿ ಸಾಲು ತುಂಬಿ ಕಾಣಬೇಕಲ್ಲ. ಒಳಗೆಲ್ಲ ಒದ್ದೆ, ಬಿಸಿ. ಆ ಹುಡುಗಿ "ಛೀ" ಅಂದಳು. ಅವಳ ಗುಂಡಿ ಹಾಕಿದ್ದು ನಾನು. ಒಂದೊಂದಾಗಿ, ಕೆಳಗಿನಿಂದ ಮೇಲಿನವರೆಗೆ.

ಡಾಕ್ಟರಿಗೆ ಹೇಳಿಕಳಿಸಿದ್ದೇವೆ ಅಂದಿದ್ದರು. ನಂಬಿದೆ. ನಂಬುವುದು ಸುಲಭವಾಗಿತ್ತು. ಡಾಕ್ಟರು ಬಂದಿರಲಿಲ್ಲ. ಸಂಜೆಯವರೆಗೂ ಅವಳು ಒಬ್ಬಳೇ ಇದ್ದಳು, ಮುಚ್ಚಿದ ಬಾಗಿಲಿನ ಹಿಂದೆ.

ಮರುದಿನ ಎಲ್ಲರನ್ನೂ ಕೂರಿಸಿ, ಕಾಲೇಜಿನ ಹೆಸರು ನಿಮ್ಮ ಕೈಯಲ್ಲಿದೆ ಅಂದರು. ಬ್ಯಾಂಡಿನ ಮೇಷ್ಟ್ರು ನೆಲ ನೋಡುತ್ತಿದ್ದರು. ಪಟ್ಟ ಯಾವುದಕ್ಕೆ ಸಿಕ್ಕಿತು ಅಂತ ನೀನು ಕೇಳಿದ್ದೆ. ನನಗೂ ಅದೇ ಸಂಶಯ.

ಪೀಪಿ

*

ಮೇ ೨೦

ಪೀಪಿ,

ನಿನ್ನ ಕಾಗದ ಓದಿ ಮಗುವನ್ನು ನಿನ್ನ ಭಾವನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತೆ. ನನ್ನ ಸಂಶಯ ನಿಜವಾದರೆ ಗೆದ್ದ ಹಾಗಾಗುತ್ತದೆ ಅಂದುಕೊಂಡಿದ್ದೆ. ಆದರೆ ಇಷ್ಟು ದಿನ ಒಳಗೊಳಗೇ ಬೇಡಿಕೊಳ್ಳುತ್ತಿದ್ದದ್ದು ನನ್ನದು ಬರೀ ಹುಚ್ಚಾಗಿರಲಿ ಅಂತ.

ನಿನ್ನನ್ನು ಬೈಯಲಾರೆ, ಸಮಾಧಾನವನ್ನೂ ಹೇಳಲಾರೆ. ಅದು ನನ್ನ ಕೈಯಲ್ಲಿಲ್ಲ. ಕಾಲೇಜಿನವರು ನಿನ್ನನ್ನು ಹೊರಗೆ ಹಾಕಬಹುದು, ಅದಕ್ಕೆ ನನಗೂ ಹೆದರಿಕೆಯಿದೆ. ಆದರೂ ಹೋಗು. ಇವತ್ತೂ ಆ ಮನೆಯಲ್ಲಿ ಒಬ್ಬ ತಾಯಿ ಮಗಳ ಕುತ್ತಿಗೆ ನೋಡುತ್ತಾ ಕೂತಿರುತ್ತಾಳೆ.

ಅಕ್ಕ

*

ಜೂನ್ ೨

ಅಕ್ಕಾ,

ಹೋಗಿ ಬಂದೆ.

ಗುಬ್ಬಿಯ ಅಮ್ಮ ಬಾಗಿಲು ತೆರೆದು ನನ್ನ ಕೈಚೀಲವನ್ನು ಮೊದಲು ಇಸಿದುಕೊಂಡರು. ಅದರಲ್ಲಿ ಏನಿದೆ ಅಂತ ನೋಡಿಯೇ ಒಳಗೆ ಬಿಟ್ಟಿದ್ದು. ಅವರಪ್ಪ ಕುರ್ಚಿಯಿಂದ ಏಳಲಿಲ್ಲ. ಗುಬ್ಬಿ ಕಿಟಕಿಯ ಹತ್ತಿರ ಕೂತಿದ್ದಳು. ಇಳಿದುಹೋಗಿದ್ದಾಳೆ. ನನ್ನನ್ನು ನೋಡಿದ ತಕ್ಷಣ, "ಬಂದ್ಯೇನೇ ಕತ್ತೆ, ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಅಂದಳು. ಅಮ್ಮ, "ಸಾಯೋ ಮಾತು ಆಡ್ಬೇಡ ಅಂದಿಲ್ವಾ?" ಅಂತ ಕೂಗಿದರು.

ಕೂರದೆ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ. ಚಳಿ ಅಂದದ್ದು, ಬಿದ್ದದ್ದು, ಸಾಲು ಮುಚ್ಚಿದ್ದು, ಕೋಣೆ, ಕೋಟು, ಎಲ್ಲ. ಮುಗಿದ ಮೇಲೆ ಅವರಪ್ಪ, "ಇದನ್ನ ಯಾರು ಹೇಳಿಕೊಟ್ಟು ಕಳಿಸಿದ್ರು ನಿನ್ನ? ಇವಳೇ ಏನು?" ಅಂದರು. ಸಂಶಯ ಪಡಲು ಅವರಿಗೂ ಹಕ್ಕಿದೆ. ನಾನು ಹೋದ ವಾರವಷ್ಟೇ ಒಂದು ಮೆರವಣಿಗೆಯಲ್ಲಿ ಅದೇ ಕೋಟು ಹಾಕಿ ನಡೆದಿದ್ದೆ. ದುಪಟ್ಟಾ ತೆಗೆದು ಕುತ್ತಿಗೆ ತೋರಿಸಿದೆ. ಅವರು ಎದ್ದು ಹತ್ತಿರ ಬಂದರು. ನನ್ನ ಗದ್ದದ ಕೆಳಗೆ ನೋಡಿದರು. ಆಮೇಲೆ ಮಗಳ ಹತ್ತಿರ ಹೋಗಿ, ಅವಳ ಗದ್ದವನ್ನು ಎರಡು ಬೆರಳಿನಿಂದ ಎತ್ತಿ, ಮಾಸಿದ ಆ ಗೆರೆಯನ್ನು ನೋಡಿದರು. ಎತ್ತಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. "ಸೋಮವಾರ ಪ್ರಿನ್ಸಿಪಾಲರ ಹತ್ತಿರ ಹೋಗೋಣ, ನೀನು ಬರ್ತೀಯಾ?" ಅಂತ ನನ್ನ ಕಡೆ ತಿರುಗದೆಯೇ ಕೇಳಿದರು. ಬರುತ್ತೇನೆ ಅಂದೆ.

ಗುಬ್ಬಿ ಕೇಳಿದ್ದು ಬೇರೆ. "ಎಲ್ಲಿವರೆಗೂ ಊದಿದೆ ನಾನು?"

"ಎರಡನೇ ಹಾಡಿನ ತಿರುವಿನವರೆಗೂ."

"ಸಾಲು ಕೆಡಲಿಲ್ವಾ?"

"ಇಲ್ಲ. ಯಾರಿಗೂ ಗೊತ್ತಾಗಲಿಲ್ಲ."

ಒಂದು ಕ್ಷಣ ಅವಳ ಮುಖದಲ್ಲಿ ಹೆಮ್ಮೆ ಬಂತು ಅಕ್ಕಾ. ನೋಡಲಾಗಲಿಲ್ಲ. ಆಮೇಲೆ ಅದು ನಿಧಾನವಾಗಿ ಹೋಯಿತು. "ಆ ಇನ್ನೊಬ್ಬಳಿಗೂ ನೀನೇ ಹಾಕಿದ್ಯಾ ಗುಂಡಿ?" ಅಂದಳು. ಹೂಂ ಅಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ನೋಡುವ ಹಾಗೆ ನನ್ನನ್ನು ನೋಡಿ, "ಅಮ್ಮಾ, ಸ್ನಾನ ಮಾಡ್ತೀನಿ" ಅಂತ ಎದ್ದಳು.

ಅಮ್ಮನೂ ಅವಳ ಹಿಂದೆಯೇ ಎದ್ದರು. ಬಚ್ಚಲುಮನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಇದ್ದ ಜಾಗದಲ್ಲಿ ತೂತುಗಳು ಮಾತ್ರ. ಮಗಳು ಸ್ನಾನ ಮಾಡುವಾಗ ಅಮ್ಮ ಒಳಗೆ ಸ್ಟೂಲು ಹಾಕಿಕೊಂಡು ಕೂರುತ್ತಾರಂತೆ, ಮೂರು ತಿಂಗಳಿಂದ. ಅವರಪ್ಪ, "ನಿಲ್ಲು" ಅಂದರು. ಬೀರುವಿನ ಮೇಲಿನಿಂದ ಚಿಲಕ ತಂದರು. ಮೊದಲು ತಲೆಕೆಳಗಾಗಿ ಕೂರಿಸಿದರು, ಮತ್ತೆ ಬಿಚ್ಚಿ ಸರಿಮಾಡಿದರು. ಗುಬ್ಬಿ ಟವೆಲ್ ಹಿಡಿದು ಕಾಯುತ್ತಿದ್ದಳು. ಅಮ್ಮ ಆ ಸ್ಟೂಲನ್ನು ಎತ್ತಿ ಹೊರಗಿಟ್ಟರು.

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ನೀರು ಬಿಟ್ಟ ಸದ್ದೂ. ಬಹಳ ಹೊತ್ತಾಯಿತು. ಅಪ್ಪ ಸ್ಕ್ರೂಡ್ರೈವರನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಅಮ್ಮ ಎರಡು ಸಲ ಬಾಗಿಲವರೆಗೂ ಹೋಗಿ ಬಂದರು.

ಅವಳಿಗೆ ಹೇಳಿ ಹೊರಡಬೇಕು ಅಂತ ಕಾದೆ. ನಾನು ಹೋಗಲಿ ಅಂತಲೇ ಅವಳು ಒಳಗಿದ್ದಾಳೆ ಅಂತ ಆಮೇಲೆ ಹೊಳೆಯಿತು. ನಾನು ಚಪ್ಪಲಿ ಮೆಟ್ಟುವಾಗಲೂ ನೀರು ಬೀಳುತ್ತಲೇ ಇತ್ತು. ಯಾರೂ ಬಾಗಿಲು ತಟ್ಟಲಿಲ್ಲ.

ಪೀಪಿ